ಪೆಟ್ಟಿಗೆ ಈಸಲ್ ಕಿಟ್: ತೆಂಗಿನ ತೋಟಕ್ಕೆ ಸೈ, ದುರ್ಗದ ಮೆಟ್ಟಿಲಿಗೆ ಬೇಡ

ಚಿತ್ರ ಬರೆಯುವಾಗ ಕ್ಯಾನ್ವಾಸ್ ನಿಲ್ಲಿಸುವ ಸ್ಟ್ಯಾಂಡಿಗೆ ಈಸಲ್ ಎನ್ನುತ್ತಾರೆ. ಆನ್‌ಲೈನ್‌ನಲ್ಲಿ ‘ಫ್ರೆಂಚ್ ಈಸಲ್’ ಅಂತ ಹುಡುಕಿದರೆ ಒಂದೇ ಸಾಮಾನು ಐದಾರು ಹೆಸರಿನಲ್ಲಿ ಸಿಗುತ್ತದೆ. ಬೀಚ್ ಎಂಬ ಯುರೋಪಿನ ಮರದ ಪೆಟ್ಟಿಗೆ, ಮಡಚಿ ಒಳಗೆ ಸೇರಿಸುವ ಮೂರು ಕಾಲು, ತಗಡು ಹೊದಿಸಿದ ಡ್ರಾಯರ್, ಹಿಡಿಕೆ, ಹೆಗಲ ಪಟ್ಟಿ. ಕಿಟ್ ಎಂದು ಕೊಂಡರೆ ಜೊತೆಗೆ 12 ಮಿಲಿಯ ಹನ್ನೆರಡು ಟ್ಯೂಬ್ ಎಣ್ಣೆ ಬಣ್ಣ, ನಾಲ್ಕೈದು ಬ್ರಷ್, ಒಂದೆರಡು ಕ್ಯಾನ್ವಾಸ್ ಬೋರ್ಡ್. ಮೇಲಿನ ಸ್ಟಿಕರ್ ಬೇರೆ ಇರಬಹುದು, ಆದರೆ ಮರದ ಅಳತೆ, ನಟ್ಟು ಬೋಲ್ಟು, ಕೊನೆಗೆ ಕೆಡುವ ಜಾಗ ಕೂಡ ಹೆಚ್ಚುಕಡಿಮೆ ಒಂದೇ. ಹಾಗಾಗಿ ಇದು ಒಂದು ಕಂಪನಿಯ ವಿಮರ್ಶೆಯಲ್ಲ, ಈ ಜಾತಿಯ ಸಾಮಾನಿನ ವಿಮರ್ಶೆ. ಅದೂ ತುಮಕೂರು, ಚಿಕ್ಕಬಳ್ಳಾಪುರ, ಕೋಲಾರದ ಬಯಲಲ್ಲಿ, ತೋಟದಲ್ಲಿ, ಬಂಡೆ ಮೇಲೆ ನಿಂತು ಚಿತ್ರ ಬರೆಯುವವರಿಗೆ.

ಮೊದಲೇ ಹೇಳಿಬಿಡುವುದಾದರೆ: ಪೆಟ್ಟಿಗೆ ಗಟ್ಟಿ, ನಟ್ಟು ಕಳಪೆ, ಬಣ್ಣದಲ್ಲಿ ಅರ್ಧ ಕೆಲಸಕ್ಕೆ ಬರುತ್ತದೆ, ಬೋರ್ಡು ದಂಡ. ಇನ್ನೂರು ಮುನ್ನೂರು ರೂಪಾಯಿ ಖರ್ಚು ಮಾಡಿ ಸರಿಮಾಡಿಕೊಂಡರೆ ತೋಟದ ಚಿತ್ರಕ್ಕೆ ತುಂಬ ಅನುಕೂಲ. ಬೆಟ್ಟ ಹತ್ತುವವರು ಮಾತ್ರ ಕೊಳ್ಳಬೇಡಿ.

ಹೊರಗೆ ನಿಂತು ಬರೆಯುವ ಕೆಲಸದಲ್ಲಿ ಲೆಕ್ಕಾಚಾರವೆಲ್ಲ ಬೆಳಕಿನದು. ಸೂರ್ಯ ಗಂಟೆಗೆ 15 ಡಿಗ್ರಿ ಸರಿಯುತ್ತಾನೆ. ಬೆಳಿಗ್ಗೆ ಏಳಕ್ಕೆ ಗುರುತು ಹಾಕಿದ ನೆರಳು ಒಂಬತ್ತಕ್ಕೆ ಅಲ್ಲಿರುವುದಿಲ್ಲ. ಕೈಗೆ ಸಿಗುವುದು ಹೆಚ್ಚೆಂದರೆ ಎರಡು ಗಂಟೆ. ಫ್ರಾನ್ಸಿನ ಕ್ಲಾಡ್ ಮೋನೆ 1890–91ರಲ್ಲಿ ಬಣವೆಗಳ ಸರಣಿ ಬರೆಯುವಾಗ ಬೆಳಕು ಬದಲಾದ ಹಾಗೆ ಕ್ಯಾನ್ವಾಸನ್ನೇ ಬದಲಾಯಿಸುತ್ತಿದ್ದರು. 1883ರಲ್ಲಿ ಜಿವರ್ನಿ ಎಂಬ ಹಳ್ಳಿಗೆ ಬಂದು ನೆಲೆಸಿ, ತೋಟ ಮಾಡಿ, 1893ರಲ್ಲಿ ಪಕ್ಕದ ಜಾಗ ಕೊಂಡು ಕೊಳ ಕಟ್ಟಿಸಿ, ಅದರಲ್ಲಿ ನೈದಿಲೆ ಬೆಳೆಸಿ, ಆಮೇಲೆ ಅದನ್ನೇ ದಶಕಗಟ್ಟಲೆ ಬರೆದರು. ಅಷ್ಟು ಅನುಕೂಲ ಎಲ್ಲರಿಗೂ ಇರುವುದಿಲ್ಲ. ದೊಡ್ಡಬಳ್ಳಾಪುರದಲ್ಲಿ ಹುಟ್ಟಿದ, ಸ್ವಾತಂತ್ರ್ಯ ಹೋರಾಟಗಾರರೂ ಆಗಿದ್ದ ರುಮಾಲೆ ಚನ್ನಬಸವಯ್ಯನವರು (1910–1988) ಬರೆದದ್ದು ಸಾಲುಮರ, ಉದ್ಯಾನ, ಮೈತುಂಬ ಹೂ ಬಿಟ್ಟ ಮರಗಳನ್ನು. ಅಂಥ ಮರದ ಹೂವು ಕೆಲವೇ ವಾರದ್ದು. ಮುತ್ತುಗ ಫೆಬ್ರವರಿ, ಮಾರ್ಚಿನಲ್ಲಿ ಉರಿಯುತ್ತದೆ, ಗುಲ್‌ಮೊಹರ್ ಏಪ್ರಿಲ್, ಮೇನಲ್ಲಿ. ಹೂ ಕಂಡ ದಿನವೇ ಎಲ್ಲ ಸಾಮಾನನ್ನೂ ಒಂದೇ ಕೈಯಲ್ಲಿ ಎತ್ತಿಕೊಂಡು ಹೋಗುವಂತಿರಬೇಕು. ಪೆಟ್ಟಿಗೆ ಈಸಲ್ ಹುಟ್ಟಿದ್ದೇ ಇದಕ್ಕಾಗಿ. ಅದಕ್ಕೂ ಹಿಂದೆ 1841ರಲ್ಲಿ ಅಮೆರಿಕದ ಜಾನ್ ರ‍್ಯಾಂಡ್ ತವರದ ಟ್ಯೂಬ್ ಮಾಡದಿದ್ದರೆ ಎಣ್ಣೆ ಬಣ್ಣ ಹೊರಗೆ ಒಯ್ಯುವುದೇ ರಗಳೆಯಾಗಿ ಉಳಿಯುತ್ತಿತ್ತು. ಅಲ್ಲಿಯವರೆಗೆ ಹಂದಿಯ ಮೂತ್ರಕೋಶದಲ್ಲಿ ಬಣ್ಣ ತುಂಬಿ ಕಟ್ಟಿಡುತ್ತಿದ್ದರು.

ನಿಲ್ಲಿಸುವ ಕ್ರಮ

ಕಿಟ್ ಜೊತೆ ಬರುವ ಸೂಚನೆಯ ಹಾಳೆಯಲ್ಲಿ ಬರೀ ಚಿತ್ರ, ಅದೂ ಅರ್ಧಂಬರ್ಧ. ಸರಿಯಾದ ಕ್ರಮ ಹೀಗೆ. ಪೆಟ್ಟಿಗೆಯನ್ನು ನೆಲದ ಮೇಲೆ ಮಲಗಿಸಿ. ಪಕ್ಕದ ಎರಡು ಕಾಲಿನ ವಿಂಗ್ ನಟ್ (ಕೈಯಲ್ಲೇ ತಿರುಗಿಸುವ ರೆಕ್ಕೆಯ ನಟ್ಟು) ಎರಡು ಸುತ್ತು ಸಡಿಲಿಸಿ, ಕಾಲನ್ನು ಹೊರಕ್ಕೆ ತಿರುಗಿಸಿ ಬಿಗಿಮಾಡಿ. ಮೂರನೆಯ ಕಾಲನ್ನೂ ಹಾಗೆಯೇ ಬಿಡಿಸಿ. ಈಗ ಪ್ರತಿ ಕಾಲಿನ ಒಳಗಿರುವ ಎರಡನೆಯ ತುಂಡನ್ನು ಬೇಕಾದಷ್ಟು ಎಳೆದು ಬಿಗಿಮಾಡಿ, ಆಮೇಲೆ ಪೆಟ್ಟಿಗೆ ಎತ್ತಿ ನಿಲ್ಲಿಸಿ. ನಿಲ್ಲಿಸಿದ ಮೇಲೆ ಕಾಲು ಎಳೆಯಲು ಹೋದರೆ ಭಾರವೆಲ್ಲ ಒಂದೇ ಬೋಲ್ಟಿನ ಮೇಲೆ ಬೀಳುತ್ತದೆ, ಮರ ಸೀಳುವುದು ಅಲ್ಲೇ. ನಂತರ ಕೊಂಡಿ ಬಿಚ್ಚಿ ಕ್ಯಾನ್ವಾಸ್ ಹಿಡಿಯುವ ಕಂಬ ಮೇಲೆತ್ತಿ, ಎರಡೂ ಪಕ್ಕದ ಸ್ಕ್ರೂ ಬಿಗಿಮಾಡಿ. ಮೇಲಿನ ಹಿಡಿಯನ್ನು ಕ್ಯಾನ್ವಾಸಿನ ಎತ್ತರಕ್ಕೆ ಏರಿಸಿ. ಕೊನೆಗೆ ಡ್ರಾಯರ್ ಅರ್ಧ ಎಳೆದು ಅದರ ಮೇಲೆ ಪ್ಯಾಲೆಟ್, ಅಂದರೆ ಬಣ್ಣ ಕಲೆಸುವ ಹಲಗೆ, ಇಡಿ. ಅರ್ಧ ಮಾತ್ರ. ಪೂರ್ತಿ ಎಳೆದರೆ ಬಣ್ಣದ ಭಾರಕ್ಕೆ ಇಡೀ ಈಸಲ್ ನಿಮ್ಮ ಕಡೆಗೆ ಮಗುಚುತ್ತದೆ.

ಕೈ ಪಳಗಿದ ಮೇಲೆ ಇದೆಲ್ಲ ನಾಲ್ಕೈದು ನಿಮಿಷದ ಕೆಲಸ. ಜಾಗ ಬದಲಾಯಿಸುವಾಗ ಕಂಬ ಹಿಡಿದು ಎತ್ತಬೇಡಿ, ಹಿಂಜ್ ಕಿತ್ತು ಬರುತ್ತದೆ. ಪೆಟ್ಟಿಗೆಯ ಎರಡೂ ಬದಿ ಹಿಡಿದು ಎತ್ತಬೇಕು. ವಿಂಗ್ ನಟ್ ಅನ್ನು ಪೂರ್ತಿ ಬಿಚ್ಚುವ ಅಗತ್ಯ ಎಲ್ಲೂ ಬರುವುದಿಲ್ಲ. ಬಿಚ್ಚಿದರೆ ಗರಿಕೆ ಹುಲ್ಲಿನಲ್ಲಿ ಹುಡುಕುತ್ತ ಕೂರಬೇಕಾಗುತ್ತದೆ.

ಏನು ಕೆಡುತ್ತದೆ, ಯಾಕೆ

ಮೊದಲು ಕೈಕೊಡುವುದು ಕಾಲಿನ ನಟ್ಟು. ನಟ್ಟಿಗೂ ಮರಕ್ಕೂ ನಡುವೆ ಇರುವ ವಾಷರ್ ತೀರ ಸಣ್ಣದು, ಕೆಲವದರಲ್ಲಿ ಇರುವುದೇ ಇಲ್ಲ. ಬಿಗಿಮಾಡಿದಾಗಲೆಲ್ಲ ನಟ್ಟು ಮರವನ್ನು ಕಚ್ಚಿ ತಗ್ಗು ಮಾಡುತ್ತದೆ. ಸ್ವಲ್ಪ ದಿನದಲ್ಲಿ ಎಷ್ಟು ತಿರುಗಿಸಿದರೂ ಬಿಗಿಯಾಗುವುದಿಲ್ಲ, ಚಿತ್ರ ಬರೆಯುತ್ತಿದ್ದಾಗಲೇ ಒಂದು ಕಾಲು ಮೆಲ್ಲಗೆ ಒಳಗೆ ಜಾರುತ್ತದೆ. ಪರಿಹಾರ ಸುಲಭ. ಒಂದು ಬೋಲ್ಟ್ ಬಿಚ್ಚಿಕೊಂಡು ಯಾವುದಾದರೂ ಹಾರ್ಡ್‌ವೇರ್ ಅಂಗಡಿಗೆ ಹೋಗಿ, ಅದರ ಅಳತೆಗೇ ಅಗಲದ ವಾಷರ್ ಮತ್ತು ಒಂದೊಂದು ಸ್ಪ್ರಿಂಗ್ ವಾಷರ್ ಕೇಳಿ. ಬರೀ ಬಾಯಲ್ಲಿ ಅಳತೆ ಹೇಳಬೇಡಿ. 5 ಎಂಎಂ, 6 ಎಂಎಂ ಎರಡೂ ಚಾಲ್ತಿಯಲ್ಲಿವೆ. ಮರದ ಕಡೆಗೆ ಅಗಲದ ವಾಷರ್, ಅದರ ಮೇಲೆ ಸ್ಪ್ರಿಂಗ್ ವಾಷರ್, ಆಮೇಲೆ ನಟ್ಟು. ಅದೇ ಹೊತ್ತಿಗೆ ನಾಲ್ಕು ವಿಂಗ್ ನಟ್ ಹೆಚ್ಚಿಗೆ ತಂದು ಡ್ರಾಯರ್‌ನಲ್ಲಿಡಿ.

ಪೆಟ್ಟಿಗೆಯ ಒಳಬದಿಯಲ್ಲಿ ಮರಕ್ಕೆ ಒತ್ತಿ ಕೂರಿಸಿದ ಹಲ್ಲಿನ ನಟ್ಟುಗಳಿರುತ್ತವೆ. ಅವು ಸಡಿಲಾದರೆ ಬೋಲ್ಟ್ ಜೊತೆ ನಟ್ಟೂ ಸುತ್ತುತ್ತದೆ. ಬಿಚ್ಚಿ, ತೂತಿನ ಪುಡಿ ಒರೆಸಿ, ಅರಾಲ್ಡೈಟ್ ಸವರಿ ಸುತ್ತಿಗೆಯಿಂದ ಹದವಾಗಿ ಕೂರಿಸಿ ಒಂದು ರಾತ್ರಿ ಬಿಡಿ. ನಟ್ಟಿನ ಒಳಗಿನ ಮರೆಗೆ (ಸುರುಳಿ ಗೀರಿಗೆ) ಅಂಟು ತಾಗದ ಹಾಗೆ ನೋಡಿಕೊಳ್ಳಿ, ಇಲ್ಲದಿದ್ದರೆ ಬೋಲ್ಟ್ ಶಾಶ್ವತವಾಗಿ ಅಲ್ಲೇ. ಹೆಗಲ ಪಟ್ಟಿಯ ರಿವೆಟ್ ಕೂಡ ನಂಬಿಕೆಗೆ ಅರ್ಹವಲ್ಲ. ಚಪ್ಪಲಿ ಹೊಲಿಯುವವರ ಹತ್ತಿರ ಕೊಟ್ಟರೆ ದಪ್ಪ ದಾರದಲ್ಲಿ ಎರಡು ಸಾಲು ಹೊಲಿದುಕೊಡುತ್ತಾರೆ, ಪೆಟ್ಟಿಗೆ ಸವೆದರೂ ಆ ಹೊಲಿಗೆ ಸವೆಯುವುದಿಲ್ಲ.

ಬೀಚ್ ಮರದ ಗುಣ ಇನ್ನೊಂದು ತಲೆನೋವು. ನೋಡಲು ಗಟ್ಟಿ, ಆದರೆ ತೇವ ಕುಡಿದು ಹಿಗ್ಗುವುದು, ಒಣಗಿ ಕುಗ್ಗುವುದು ಸಾಗುವಾನಿಗಿಂತ ಬಹಳ ಜಾಸ್ತಿ. ಮಾರ್ಚಿನ ಒಣ ಹವೆಗೆ ಕಂಬ ಲೊಡಲೊಡ ಅನ್ನುತ್ತದೆ, ಸೆಪ್ಟೆಂಬರ್ ಮಳೆಗೆ ಅದೇ ಪೆಟ್ಟಿಗೆಯ ಡ್ರಾಯರ್ ಎಳೆದರೂ ಬರುವುದಿಲ್ಲ. ಡ್ರಾಯರ್ ಜಾರುವ ಅಂಚಿಗೆ ಮೇಣದ ಬತ್ತಿ ಉಜ್ಜಿ. ಉಪ್ಪುಕಾಗದದಲ್ಲಿ ತೀಡಲು ಹೋಗಬೇಡಿ. ಮಳೆಗಾಲದಲ್ಲಿ ತೀಡಿದ ಡ್ರಾಯರ್ ಬೇಸಿಗೆಯಲ್ಲಿ ತಾನಾಗಿ ಜಾರಿ ಬೀಳುತ್ತದೆ. ತಂದ ಹೊಸತರಲ್ಲೇ ಕಾಯಿಸಿದ ಅಗಸೆ ಎಣ್ಣೆಯನ್ನು ಒಳಗೂ ಹೊರಗೂ ತೆಳುವಾಗಿ ಎರಡು ಸಲ ಒರೆಸಿದರೆ ಈ ಆಟ ಅರ್ಧ ಕಡಿಮೆಯಾಗುತ್ತದೆ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬಾರದು. ಅಗಸೆ ಎಣ್ಣೆ ಒಣಗುವಾಗ ಬಿಸಿಯಾಗುತ್ತದೆ, ಮುದ್ದೆಯೊಳಗಿನ ಬಿಸಿ ಹೊರಗೆ ಹೋಗದೆ ಬಟ್ಟೆ ತಾನಾಗಿ ಹೊತ್ತಿಕೊಳ್ಳಬಹುದು. ಹರಡಿ ಹೊರಗೆ ಒಣಹಾಕಿ, ಇಲ್ಲವೇ ನೀರಿನಲ್ಲಿ ನೆನೆಸಿ.

ತೋಟದಲ್ಲಿ

ತಿಪಟೂರು, ಗುಬ್ಬಿ, ತುರುವೇಕೆರೆ ಕಡೆಯ ತೆಂಗಿನ ತೋಟ ಚಿತ್ರಕಾರನಿಗೆ ಸಿದ್ಧ ಪಾಠ. ಗಿಡದಿಂದ ಗಿಡಕ್ಕೆ 25ರಿಂದ 30 ಅಡಿ, ನೇರ ಸಾಲು. ದೂರ ಹೋದಂತೆ ಕಾಂಡಗಳು ಹತ್ತಿರವಾಗುವುದು ತಾನಾಗಿ ಕಣ್ಣಿಗೆ ಕಾಣುತ್ತದೆ. ನೆಲ ಮಟ್ಟಸ, ರಸ್ತೆಯಿಂದ ನಾಲ್ಕು ಹೆಜ್ಜೆ. ಆರು ಕಿಲೋ ತೂಗುವ ಈ ಪೆಟ್ಟಿಗೆಗೆ ಇದೇ ಸರಿಯಾದ ಜಾಗ. ಆದರೂ ನಾಲ್ಕು ವಿಷಯ ಗೊತ್ತಿರಬೇಕು.

ಕಾಲಿನ ತುದಿಯಲ್ಲಿ ಲೋಹದ ಮೊನೆ ಇರುತ್ತದೆ. ಯುರೋಪಿನ ಹುಲ್ಲುಗಾವಲಿಗೆ ಅದು ಸರಿ, ಇಲ್ಲಿ ತರಗಿನ ಕೆಳಗೆ ಡ್ರಿಪ್ ಪೈಪ್ ಹರಿದಿರುತ್ತದೆ. ಈಸಲ್ ಭಾರಕ್ಕೆ ಮೊನೆ ಸರಿಯಾಗಿ ಪೈಪಿನಲ್ಲೇ ಇಳಿದರೆ ಮುಂದಿನ ಸಲ ಆ ತೋಟದೊಳಗೆ ಬಿಟ್ಟುಕೊಳ್ಳುವವರಿಲ್ಲ. ಮೆಡಿಕಲ್ ಅಂಗಡಿಯಲ್ಲಿ ಊರುಗೋಲಿನ ತುದಿಗೆ ಹಾಕುವ ರಬ್ಬರ್ ಬುಷ್ ಸಿಗುತ್ತದೆ. ಕಾಲಿನ ತುದಿಯ ಅಳತೆ ನೋಡಿ ಮೂರು ತಂದು ಹಾಕಿ. ಬಂಡೆಯ ಮೇಲೂ ಜಾರುವುದಿಲ್ಲ.

ಎರಡನೆಯದು ಕರೆಂಟು. ಪಂಪಿಗೆ ಆಟೋ ಸ್ಟಾರ್ಟರ್ ಹಾಕಿಸಿದ ತೋಟಗಳಲ್ಲಿ ತ್ರೀಫೇಸ್ ಬಂದ ಕೂಡಲೇ ಯಾರೂ ಇಲ್ಲದಿದ್ದರೂ ನೀರು ಶುರು. ಸ್ಪ್ರಿಂಕ್ಲರ್ ಇದ್ದರೆ ಪ್ಯಾಲೆಟ್, ಕ್ಯಾನ್ವಾಸ್, ನೀವು ಎಲ್ಲ ಒಟ್ಟಿಗೆ ತೊಯ್ದಂತೆ. “ಅಣ್ಣ, ಒಂದೆರಡು ಗಂಟೆ ಬದುವಿನ ಮೇಲೆ ನಿಂತು ಚಿತ್ರ ಬರ್ಕೊಂಡು ಹೋಗ್ತೀವಿ, ಕರೆಂಟ್ ಎಷ್ಟೊತ್ತಿಗೆ ಬರುತ್ತೆ?” ಅಂತ ಕೇಳಿದರೆ ಒಪ್ಪಿಗೆಯೂ ಸಿಗುತ್ತದೆ, ಸಮಯವೂ ಗೊತ್ತಾಗುತ್ತದೆ. ಚಿಕ್ಕಬಳ್ಳಾಪುರ ಕಡೆಯ ಸೇವಂತಿಗೆ, ಚೆಂಡುಹೂವಿನ ಹೊಲದಲ್ಲಿ ಇನ್ನೊಂದು ಪ್ರಶ್ನೆಯನ್ನೂ ಸೇರಿಸಿ: ಔಷಧಿ ಯಾವತ್ತು ಹೊಡೆದಿರಿ? ಅವತ್ತು, ಮರುದಿನ ಅಲ್ಲಿ ನಿಲ್ಲಬೇಡಿ.

ಮೂರನೆಯದು ಬೆಳಕು. ತೆಂಗಿನ ನೆರಳು ನೆರಳಲ್ಲ, ಚುಕ್ಕಿ ಬಿಸಿಲು. ಗರಿ ಅಲ್ಲಾಡಿದ ಹಾಗೆ ಕ್ಯಾನ್ವಾಸ್ ಮೇಲೆ ಬೆಳಕಿನ ತುಣುಕುಗಳು ಓಡಾಡುತ್ತವೆ, ಬಣ್ಣದ ಅಂದಾಜೇ ಸಿಗುವುದಿಲ್ಲ. ಮೇಲಿಂದ ಕಾಯಿಯೋ ಸೋಗೆಯೋ ಬೀಳುವ ಭಯ ಬೇರೆ. ತೋಟದ ಅಂಚಿನಲ್ಲಿ ಹುಣಸೆ, ಹೊಂಗೆ, ಹಲಸು ಏನಾದರೂ ಇದ್ದೇ ಇರುತ್ತದೆ, ಅದರ ದಟ್ಟ ನೆರಳಲ್ಲಿ ಈಸಲ್ ಇಟ್ಟು ತೋಟವನ್ನು ಹೊರಗಿನಿಂದ ನೋಡಿ ಬರೆಯಿರಿ. ಮರ ಇಲ್ಲದಿದ್ದರೆ ಕೊಡೆ. ಕಿಟ್ ಮಾರುವವರು ಕೊಡೆ ಸಿಕ್ಕಿಸುವ ಕ್ಲಾಂಪ್ ಪ್ರತ್ಯೇಕ ಮಾರುತ್ತಾರೆ, ಅದು ಬೇಡ. ಈಸಲ್‌ಗೆ ಕೊಡೆ ಕಟ್ಟಿದರೆ ಒಂದು ಜೋರು ಗಾಳಿಗೆ ಎರಡೂ ಹೋಗುತ್ತವೆ. ಪಕ್ಕದಲ್ಲಿ ಬಿದಿರು ಗಳ ಹೂತು ಅದಕ್ಕೆ ಕಟ್ಟಿ. ಬಣ್ಣಬಣ್ಣದ ಕೊಡೆ ಕೆಂಪಾಗಿದ್ದರೆ ಕೆಂಪು, ಹಸಿರಾಗಿದ್ದರೆ ಹಸಿರು ಛಾಯೆಯನ್ನು ಕ್ಯಾನ್ವಾಸಿನ ಮೇಲೆ ಬಿಡುತ್ತದೆ. ಅಜ್ಜನ ಕಾಲದ ಕರಿ ಕೊಡೆಯೇ ವಾಸಿ. ಪ್ಯಾಲೆಟ್ಟೂ ಕ್ಯಾನ್ವಾಸೂ ಒಂದೇ ಬೆಳಕಿನಲ್ಲಿರಬೇಕು. ಕ್ಯಾನ್ವಾಸ್ ಬಿಸಿಲಿಗೆ ಮುಖಮಾಡಿದ್ದರೆ ಕಣ್ಣಿಗೆ ಎಲ್ಲ ಬೆಳ್ಳಗೆ ಕಂಡು, ಕೈ ತಾನಾಗಿ ಬಣ್ಣ ಗಾಢ ಮಾಡುತ್ತದೆ. ಮನೆಗೆ ತಂದು ಗೋಡೆಗೆ ಒರಗಿಸಿದಾಗ ಚಿತ್ರವೆಲ್ಲ ಕತ್ತಲು.

ನಾಲ್ಕನೆಯದು, ಕ್ಯಾನ್ವಾಸಿನ ಹಿಂದಿನಿಂದ ಬರುವ ಬೆಳಕು. ಚೌಕಟ್ಟಿಗೆ ಎಳೆದ ತೆಳು ಕ್ಯಾನ್ವಾಸಿನ ಹಿಂದೆ ಬಿಸಿಲು ಬಿದ್ದರೆ ಬಟ್ಟೆ ದೀಪದಂತೆ ಹೊಳೆಯುತ್ತದೆ. ಹಿಂದುಗಡೆ ಒಂದು ರಟ್ಟು ಸಿಕ್ಕಿಸಿದರೆ ಮುಗಿಯಿತು. ಬೋರ್ಡಿಗೆ ಈ ತೊಂದರೆಯಿಲ್ಲ.

ಬೆಟ್ಟಕ್ಕೆ

ದೇವರಾಯನದುರ್ಗದ ರಸ್ತೆ ಮುಗಿದ ಮೇಲಿನ ಮೆಟ್ಟಿಲು, ಕೋಲಾರದ ಅಂತರಗಂಗೆ, ಮಧುಗಿರಿ ಏಕಶಿಲೆ, ಇಲ್ಲೆಲ್ಲ ಈ ಪೆಟ್ಟಿಗೆ ಹೊರೆ. ಆರು ಕಿಲೋ ಪೆಟ್ಟಿಗೆ, ಒಂದೂವರೆ ಕಿಲೋ ಬಣ್ಣ, ಎರಡು ಲೀಟರ್ ನೀರು, ಬೋರ್ಡು ಸೇರಿದರೆ ಹತ್ತು ಕಿಲೋ ದಾಟುತ್ತದೆ. ಮೇಲಾಗಿ ಚೌಕ ಪೆಟ್ಟಿಗೆ ಬೆನ್ನಿಗೆ ಒತ್ತುತ್ತದೆ, ಪಟ್ಟಿ ಎಷ್ಟು ಸರಿಮಾಡಿದರೂ ಮೂಲೆ ಸೊಂಟಕ್ಕೆ ಚುಚ್ಚುತ್ತದೆ. ಬೆಟ್ಟಕ್ಕೆ ಹೋಗುವವರು ಕ್ಯಾಮೆರಾ ಟ್ರೈಪಾಡ್ ಮೇಲೆ ಕೂರುವ ಸಣ್ಣ ಡಬ್ಬಿ ಕೊಳ್ಳುವುದು ಮೇಲು. ಅದು ಸಿಗದಿದ್ದರೆ ಬಡಗಿಯ ಹತ್ತಿರ 6 ಎಂಎಂ ಪ್ಲೈವುಡ್‌ನಲ್ಲಿ ಮಾಡಿಸಿ, ತಳಕ್ಕೆ ಕಾಲಂಗುಲದ ನಟ್ಟು ಕೂರಿಸಿದರೆ ಸಾಮಾನ್ಯ ಟ್ರೈಪಾಡಿನ ಸ್ಕ್ರೂ ಸರಿಯಾಗಿ ಹಿಡಿಯುತ್ತದೆ. ಇಂಚಿಗೆ 20 ಮರೆಯ ನಟ್ಟು ಅಂತ ಕೇಳಿ.

ನಂದಿ ಬೆಟ್ಟಕ್ಕೆ ಮಾತ್ರ ವಿನಾಯಿತಿ. 1478 ಮೀಟರ್ ಎತ್ತರವಾದರೂ ಮೇಲಿನವರೆಗೆ ಗಾಡಿ ಹೋಗುತ್ತದೆ, ತೋಟಗಾರಿಕೆ ಇಲಾಖೆಯ ಉದ್ಯಾನ, ಹಳೆಯ ಮರಗಳು, ಅಮೃತ ಸರೋವರ ಎಲ್ಲ ನಡೆಯುವ ದೂರದಲ್ಲಿವೆ. ಅಲ್ಲಿನ ತೊಂದರೆ ಗಾಳಿ. 16 ಅಂಗುಲದ ಬೋರ್ಡ್ ಸಾಕು ಈಸಲನ್ನು ಹಾಯಿಯಂತೆ ಎಳೆದುಕೊಂಡು ಹೋಗಲು. ಪೆಟ್ಟಿಗೆಯ ತಳಕ್ಕೆ ಒಂದು ಕೊಕ್ಕೆ ಹಾಕಿಸಿ, ಬಟ್ಟೆ ಚೀಲದಲ್ಲಿ ಕಲ್ಲು ತುಂಬಿ ನೇತುಹಾಕಿ. ಚೀಲ ನೆಲಕ್ಕೆ ತಾಗುವಷ್ಟೇ ಇರಲಿ, ತೂಗಾಡಿದರೆ ಈಸಲನ್ನೂ ತೂಗಾಡಿಸುತ್ತದೆ. ಬೆಳಗಿನ ಮಂಜಿಗೆ ಪ್ಯಾಲೆಟ್ ಮೇಲೆ ಹನಿ ಕೂರುತ್ತದೆ, ಎಣ್ಣೆ ಬಣ್ಣದೊಂದಿಗೆ ಕಲೆಸುವ ಮುಂಚೆ ಒರೆಸಿ. ಜಲವರ್ಣದವರು ಮಂಜು ಕರಗುವವರೆಗೆ ಪೆನ್ಸಿಲ್ ಕೆಲಸ ಮಾಡಿಕೊಂಡಿರಬೇಕು, ಹಾಕಿದ ಬಣ್ಣ ಒಣಗುವುದೇ ಇಲ್ಲ.

ಇಳಿಜಾರಿನಲ್ಲಿ ನಿಯಮ ಒಂದೇ: ಒಂಟಿ ಕಾಲು ಏರಿನ ಕಡೆಗೆ, ಜೋಡಿ ಕಾಲು ಇಳಿಜಾರಿನ ಕಡೆಗೆ. ಬೆಟ್ಟದಿಂದ ಕೆಳಗಿನ ಬಯಲು ಬರೆಯುವಾಗ ಎಲ್ಲರೂ ಉಲ್ಟಾ ಇಡುತ್ತಾರೆ, ಈಸಲ್ ಮುಂದಕ್ಕೆ ಉರುಳುತ್ತದೆ. ಪೆಟ್ಟಿಗೆಯನ್ನು ಓರೆ ಮಾಡಿ ನೀವು ಪಕ್ಕಕ್ಕೆ ನಿಂತರೆ ಸರಿಹೋಗುತ್ತದೆ.

ಕೋತಿಗಳ ವಿಷಯ ಹೇಳದಿದ್ದರೆ ತಪ್ಪಾಗುತ್ತದೆ. ದುರ್ಗ, ಅಂತರಗಂಗೆ, ನಂದಿ ಮೂರೂ ಕಡೆ ಇವೆ. ಹೊಳೆಯುವ ಟ್ಯೂಬ್ ಅವಕ್ಕೆ ತಿಂಡಿಯ ಪೊಟ್ಟಣದಂತೆ ಕಾಣುತ್ತದೆ. ಬಣ್ಣವನ್ನು ಪ್ಯಾಲೆಟ್ ಮೇಲೆ ಹಿಂಡಿಕೊಂಡು ಡ್ರಾಯರ್ ಪೂರ್ತಿ ಮುಚ್ಚಿಡಿ, ತಿನ್ನುವುದನ್ನು ಅದೇ ಚೀಲದಲ್ಲಿ ಒಯ್ಯಲೇಬೇಡಿ. ಕಾಡ್ಮಿಯಂ, ಕೋಬಾಲ್ಟ್ ಇರುವ ಬಣ್ಣ ಪ್ರಾಣಿಯ ಹೊಟ್ಟೆಗೆ ಹೋಗಬಾರದು, ನಮ್ಮದಕ್ಕೂ ಹೋಗಬಾರದು.

ಹನ್ನೆರಡು ಟ್ಯೂಬು

ಕಿಟ್‌ನಲ್ಲಿ ಸಾಮಾನ್ಯವಾಗಿ ಬರುವುದು: ನಿಂಬೆ ಹಳದಿ, ಗಾಢ ಹಳದಿ, ಓಕರ್ (ಮಣ್ಣಿನ ಹಳದಿ), ಕಿತ್ತಳೆ ಅಥವಾ ವರ್ಮಿಲಿಯನ್ (ಕಿತ್ತಳೆ ಕೆಂಪು), ಕ್ರಿಮ್ಸನ್ (ಕಡುಗೆಂಪು), ಬರ್ಂಟ್ ಸಿಯೆನ್ನಾ (ಕೆಂಗಂದು), ಅಲ್ಟ್ರಾಮರೀನ್ (ಗಾಢ ನೀಲಿ), ಇನ್ನೊಂದು ನೀಲಿ, ಎರಡು ಹಸಿರು, ಕಪ್ಪು, ಬಿಳಿ. ಎಲ್ಲ ಒಂದೇ ಗಾತ್ರ. ಇಲ್ಲೇ ಎಡವಟ್ಟು. ಭೂದೃಶ್ಯದಲ್ಲಿ ಆಕಾಶ, ದೂರದ ಬೆಟ್ಟ, ಬಂಡೆ, ಬಿಸಿಲು ಬಿದ್ದ ನೆಲ ಎಲ್ಲಕ್ಕೂ ಬಿಳಿ ಬೇಕು. ಬೇರೆ ಟ್ಯೂಬಿನ ಮುಚ್ಚಳ ತೆಗೆಯುವಷ್ಟರಲ್ಲಿ ಬಿಳಿ ಖಾಲಿ. ದೊಡ್ಡ ಟ್ಯೂಬ್ ಟೈಟೇನಿಯಂ ಬಿಳಿಯನ್ನು ಕಿಟ್ ಜೊತೆಗೇ ತರಿಸಿಕೊಳ್ಳಿ.

ಹಸಿರು ಟ್ಯೂಬುಗಳನ್ನು ನೇರವಾಗಿ ಹಚ್ಚಿದರೆ ತೋಟ ಪ್ಲಾಸ್ಟಿಕ್ ಹೂಕುಂಡದಂತೆ ಕಾಣುತ್ತದೆ. ‘ವಿರಿಡಿಯನ್ ಹ್ಯೂ’ ಅಂತ ಬರೆದಿದ್ದರೆ ಅದು ಹೆಚ್ಚಾಗಿ ಥ್ಯಾಲೊ ಹಸಿರು, ಹಿಂಬದಿಯಲ್ಲಿ ಪಿಜಿ 7 ಎಂಬ ಬಣ್ಣದ ಸಂಕೇತ ಇರುತ್ತದೆ. ಬಹಳ ಚೂಪು, ಒಂದು ಕಾಳಿನಷ್ಟೇ ಇಡೀ ಗುಡ್ಡೆಯನ್ನು ನುಂಗುತ್ತದೆ. ಅದರ ಜೊತೆ ಬರ್ಂಟ್ ಸಿಯೆನ್ನಾ ಸೇರಿಸಿದರೆ ಮಾವಿನ ಮರದ ಒಳಗಿನ ಕಡುಹಸಿರು ಸರಿಯಾಗಿ ಬರುತ್ತದೆ. ತೆಂಗಿನ ಗರಿಗೆ ಎರಡು ಬೇರೆಬೇರೆ ಹಸಿರು ಬೇಕು. ಬಿಸಿಲು ಗರಿಯ ಹಿಂದಿನಿಂದ ತೂರಿ ಬರುವಲ್ಲಿ ನಿಂಬೆ ಹಳದಿಗೆ ಚಿಟಿಕೆ ಅಲ್ಟ್ರಾಮರೀನ್, ತುಸು ಓಕರ್. ಗರಿಯ ಮೇಲ್ಮೈ ಆಕಾಶವನ್ನು ಪ್ರತಿಫಲಿಸುವಲ್ಲಿ ಹಸಿರೇ ಅಲ್ಲ, ಬೂದು ನೀಲಿ: ಅಲ್ಟ್ರಾಮರೀನ್, ಬಿಳಿ, ಹೆಸರಿಗೆ ಮಾತ್ರ ಹಸಿರು. ಈ ಎರಡನೆಯದನ್ನು ಗಮನಿಸದೆ ಬರೆದ ತೆಂಗು ಕ್ಯಾಲೆಂಡರ್ ಚಿತ್ರದ ತೆಂಗಾಗುತ್ತದೆ. ಜಾಲಿ, ಒಣ ಬೇಲಿ, ಕೊಯ್ಲಾದ ರಾಗಿ ಹೊಲದ ಕೂಳೆಗೆ ಕಪ್ಪು ಮತ್ತು ನಿಂಬೆ ಹಳದಿ ಬೆರೆಸಿ ನೋಡಿ, ಬೂದಿ ಬಣ್ಣದ ಹಸಿರು ಬರುತ್ತದೆ. ಕಿಟ್‌ನ ಕಪ್ಪಿಗೆ ಇರುವ ಒಳ್ಳೆಯ ಉಪಯೋಗ ಇದೊಂದೇ.

ನೆರಳಿಗೆ, ಬಂಡೆಗೆ ಕಪ್ಪು ಮುಟ್ಟಬೇಡಿ. ಮಧುಗಿರಿಯಿಂದ ರಾಮನಗರದವರೆಗೆ ಹಬ್ಬಿರುವ ಕಲ್ಲು, ಭೂವಿಜ್ಞಾನಿಗಳು ಕ್ಲೋಸ್‌ಪೇಟೆ ಗ್ರಾನೈಟ್ ಎನ್ನುವುದು, ದೂರದಿಂದ ಬೂದು ಅನ್ನಿಸಿದರೂ ಹತ್ತಿರದಲ್ಲಿ ತಿಳಿ ಗುಲಾಬಿ. ಅಲ್ಟ್ರಾಮರೀನ್, ಬರ್ಂಟ್ ಸಿಯೆನ್ನಾ, ಬಿಳಿ ಸೇರಿಸಿ ಬೂದು ಮಾಡಿ, ಬಿಸಿಲಿನ ಬದಿಗೆ ಸಿಯೆನ್ನಾ ಜಾಸ್ತಿ, ನೆರಳ ಬದಿಗೆ ನೀಲಿ ಜಾಸ್ತಿ, ಗುಲಾಬಿಗೆ ಕ್ರಿಮ್ಸನ್ ತಾಗಿಸಿ ತೆಗೆದಷ್ಟು. ಮಳೆ ನೀರು ಹರಿದು ಬಂಡೆಯ ಮೇಲೆ ಮೂಡಿದ ಕಪ್ಪು ಪಟ್ಟೆಗೆ ಅದೇ ನೀಲಿ, ಅದೇ ಸಿಯೆನ್ನಾ, ಬಿಳಿ ಇಲ್ಲದೆ. ಈ ಪಟ್ಟೆಗಳು ಬಂಡೆಯ ಉಬ್ಬುತಗ್ಗು ಹೇಳುತ್ತವೆ, ಹಾಗಾಗಿ ಅಂದಾಜಿನಲ್ಲಿ ಎಳೆಯದೆ ಎಲ್ಲಿ ಬಾಗಿದೆ ನೋಡಿ ಎಳೆಯಬೇಕು. ದೂರದ ಬೆಟ್ಟ ಯಾವಾಗಲೂ ನೀಲಿ ಎಂದು ಪಾಠ ಹೇಳುತ್ತಾರೆ. ಮಳೆ ನಿಂತ ಅಕ್ಟೋಬರಿನಲ್ಲಿ ಹೌದು. ಮಾರ್ಚಿನ ಧೂಳಿಗೆ ಅದೇ ಬೆಟ್ಟ ಓಕರ್ ಬೆರೆತ ಮಾಸಲು ಬಿಳುಪು.

ಹೂವಿನ ತೋಟ ಬರೆಯುವವರು ಕ್ರಿಮ್ಸನ್ ಟ್ಯೂಬಿನ ಹಿಂದೆ ಇರುವ ಸಂಕೇತ ಓದಿ. ಪಿಆರ್ 83 ಎಂದಿದ್ದರೆ ಅದು ಅಲಿಜರಿನ್, ಬೆಳಕಿಗೆ ಮಾಸುತ್ತದೆ, ಬಿಳಿ ಬೆರೆಸಿದ ಗುಲಾಬಿ ಛಾಯೆಗಳು ಇನ್ನೂ ಬೇಗ. ಪಿವಿ 19 ಇರುವ ಕೆಂಪು ತಂದುಕೊಳ್ಳಿ, ಅದು ನಿಲ್ಲುತ್ತದೆ. ಸಂಕೇತವೇ ಮುದ್ರಿಸದ ಟ್ಯೂಬಾದರೆ ಒಂದು ಚೂರು ಬೋರ್ಡಿಗೆ ಹಚ್ಚಿ, ಒಣಗಿದ ಮೇಲೆ ಅರ್ಧಕ್ಕೆ ಕಪ್ಪು ಕಾಗದ ಅಂಟಿಸಿ ಬಿಸಿಲು ಬೀಳುವ ಕಿಟಕಿಯಲ್ಲಿ ಎರಡು ಮೂರು ತಿಂಗಳು ಇಡಿ. ಕಾಗದ ತೆಗೆದಾಗ ಎರಡು ಬಣ್ಣ ಕಂಡರೆ ಆ ಟ್ಯೂಬು ಮಕ್ಕಳಿಗೆ. ಚೆಂಡುಹೂವಿಗೆ ಹಳದಿಗೆ ಕ್ರಿಮ್ಸನ್ ಬೆರೆಸಿದರೆ ಕಿತ್ತಳೆ ಮಂಕಾಗುತ್ತದೆ, ಯಾಕೆಂದರೆ ಕ್ರಿಮ್ಸನ್ ಒಳಗೆ ನೀಲಿಯ ಪಾಲಿದೆ. ಕಿತ್ತಳೆ ಟ್ಯೂಬನ್ನೇ ಬಿಸಿಲಿನ ಜಾಗಕ್ಕೆ ಹಾಗೇ ಹಚ್ಚಿ, ನೆರಳಿಗೆ ಅದಕ್ಕೇ ಬರ್ಂಟ್ ಸಿಯೆನ್ನಾ.

ಬ್ರಷ್‌ಗಳ ಬಗ್ಗೆ ಹೇಳುವಂಥದ್ದು ಕಡಿಮೆ. ಚಪ್ಪಟೆ ಹಾಗ್ (ಹಂದಿ ಕೂದಲಿನ) ಬ್ರಷ್ ಎರಡು ಚೆನ್ನಾಗಿವೆ, ಸಣ್ಣ ದುಂಡನೆಯದು ಕೂದಲು ಉದುರಿಸುತ್ತದೆ. ಬೋರ್ಡ್ ರಟ್ಟಿನದು, ಒಂದು ಮಳೆಗಾಲಕ್ಕೆ ಬಿಲ್ಲಿನಂತೆ ಬಾಗುತ್ತದೆ. ಪ್ಲೈವುಡ್ ಅಂಗಡಿಯಲ್ಲಿ 3 ಎಂಎಂ ಎಂಡಿಎಫ್ ಹಾಳೆ ತಂದು 10×12, 12×16 ಅಂಗುಲಕ್ಕೆ ಕೊಯ್ಯಿಸಿ, ಅಂಚನ್ನೂ ಬಿಡದೆ ಎರಡೂ ಮುಖಕ್ಕೆ ಗೆಸ್ಸೊ, ಅಂದರೆ ಬಣ್ಣಕ್ಕೆ ಮುಂಚಿನ ಬಿಳಿ ಲೇಪ, ಹಚ್ಚಿ. ಒಂದೇ ಮುಖಕ್ಕೆ ಹಚ್ಚಿದರೆ ಅದೂ ಬಾಗುತ್ತದೆ. ಬರೆಯುವ ಮುಖಕ್ಕೆ ಮೂರು ಸಲ, ನಡುನಡುವೆ 220 ನಂಬರಿನ ಉಪ್ಪುಕಾಗದ.

ಒಯ್ಯುವುದು, ತರುವುದು

ಬಸ್ಸಿನಲ್ಲಿ ಹೋಗುವವರು ಟರ್ಪೆಂಟೈನ್ ಒಯ್ಯಬೇಡಿ. ಬೇಗ ಹೊತ್ತಿಕೊಳ್ಳುವ ವಸ್ತು, ವಾಸನೆಗೆ ಪಕ್ಕದವರೂ ಸುಮ್ಮನಿರುವುದಿಲ್ಲ. ಹೊರಗೆ ಬ್ರಷ್ಷನ್ನು ಬಟ್ಟೆಯಲ್ಲಿ ಒರೆಸಿ, ಸೂರ್ಯಕಾಂತಿ ಎಣ್ಣೆಯಲ್ಲಿ ಅದ್ದಿ ಇನ್ನೊಮ್ಮೆ ಒರೆಸಿದರೆ ಸಾಕು, ಮನೆಗೆ ಬಂದು ಬಟ್ಟೆ ಸೋಪಿನಲ್ಲಿ ತೊಳೆಯಿರಿ. ಆ ಎಣ್ಣೆಯನ್ನು ಬಣ್ಣಕ್ಕೆ ಬೆರೆಸಬಾರದು, ಚಿತ್ರ ಒಣಗದೆ ಅಂಟಂಟಾಗಿ ಉಳಿಯುತ್ತದೆ.

ಹಸಿ ಚಿತ್ರ ತರುವುದರಲ್ಲಿ ಈ ಪೆಟ್ಟಿಗೆ ನಿಜಕ್ಕೂ ಮೆಚ್ಚುವಂಥದ್ದು. ಕಂಬ ಮಡಚಿ, ಬೋರ್ಡನ್ನು ಹಸಿ ಮುಖ ಒಳಗೆ ಮಾಡಿ ಮೇಲಿನ ಹಿಡಿಯಲ್ಲಿ ಸಿಕ್ಕಿಸಿದರೆ ಬಣ್ಣ ಯಾವುದಕ್ಕೂ ತಾಗುವುದಿಲ್ಲ. ಪ್ಯಾಲೆಟ್ ಮೇಲೆ ಉಳಿದ ಬಣ್ಣವೂ ಹಾಗೇ ಒಳಗೆ ಹೋಗುತ್ತದೆ, ಮರುದಿನ ಉಪಯೋಗಕ್ಕೆ ಬರುತ್ತದೆ. ಆದರೆ ಒಂದೇ ಬೋರ್ಡಿಗೆ ಜಾಗ. ಎರಡು ಬರೆದರೆ, ಒಂದೇ ಅಳತೆಯವನ್ನು ಎದುರುಬದುರು ಇಟ್ಟು ನಾಲ್ಕು ಮೂಲೆಗೆ ಬಾಟಲಿ ಕಾರ್ಕಿನ ಚೂರು ಕೊಟ್ಟು ರಬ್ಬರ್ ಬ್ಯಾಂಡ್ ಹಾಕಿ.

ಇದೇ ಈಸಲ್ ಮೇಲೆ ಜಲವರ್ಣ ಮಾಡುವವರಿಗೆ ಕಂಬವನ್ನು ಹೆಚ್ಚುಕಡಿಮೆ ಮಲಗಿಸಿ ಹತ್ತು ಹದಿನೈದು ಡಿಗ್ರಿ ಓರೆಯಲ್ಲಿ ನಿಲ್ಲಿಸಲು ಬರುತ್ತದೆ. ಆದರೆ ಆಗ ಪಕ್ಕದ ಸ್ಕ್ರೂ ಎರಡೂ ಸಮ ಬಿಗಿಯಾಗಿರಬೇಕು. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡ ಕಡೆ ಬೋರ್‌ವೆಲ್ ನೀರನ್ನು ಬಣ್ಣಕ್ಕೆ ಬಳಸಬೇಡಿ. ಗಡಸು ನೀರಿನ ಸುಣ್ಣಕ್ಕೆ ಅಲ್ಟ್ರಾಮರೀನ್ ಕಣಕಣವಾಗಿ ಒಡೆದುಕೊಳ್ಳುತ್ತದೆ, ಗಾಢ ಬಣ್ಣದ ಮೇಲೆ ಒಣಗಿದಾಗ ಬಿಳಿ ಪೊರೆ ಕಾಣುತ್ತದೆ. ಊರೂರಲ್ಲಿ ಇರುವ ಶುದ್ಧ ಕುಡಿಯುವ ನೀರಿನ ಘಟಕದ ನೀರು ಒಂದು ಬಾಟಲಿ ತುಂಬಿಕೊಂಡು ಹೋಗಿ. ಬಿಸಿಲಿಗೆ ವಾಶ್ (ತೆಳುವಾಗಿ ಹರಡಿದ ನೀರುಬಣ್ಣ) ಬೇಗ ಒಣಗಿ ಅಂಚು ಕಟ್ಟುತ್ತಿದ್ದರೆ ಕಾಗದದ ಹಿಂಬದಿಯನ್ನೂ ಒದ್ದೆ ಮಾಡಿ. ಗ್ಲಿಸರಿನ್ ಹಾಕಿ ಎನ್ನುವವರಿದ್ದಾರೆ. ಒಂದು ಲೋಟ ನೀರಿಗೆ ಎರಡು ಮೂರು ಹನಿಗಿಂತ ಹೆಚ್ಚಾದರೆ ಚಿತ್ರ ಅಂಟುತ್ತದೆ.

ತರಿಸಿಕೊಂಡರೆ ಬಂದ ದಿನವೇ ಪೂರ್ತಿ ಜೋಡಿಸಿ ನೋಡಿ, ವಾಪಸ್ ಕಳಿಸುವ ಅವಧಿ ಮುಗಿಯುವವರೆಗೆ ಎಣ್ಣೆ ಒರೆಸಬೇಡಿ. ಮೂರೂ ಕಾಲು ಪೂರ್ತಿ ಎಳೆದು ನಿಲ್ಲಿಸಿ ಪೆಟ್ಟಿಗೆಯ ಮೇಲೆ ಎರಡು ಅಂಗೈ ಊರಿ ಒತ್ತಿ: ಯಾವ ಕಾಲೂ ಜಾರಬಾರದು. ಕಾಲಿನ ಮರದ ಎಳೆ ಉದ್ದಕ್ಕೆ ನೇರವಾಗಿರಬೇಕು. ಎಳೆ ಓರೆಯಾಗಿ ಅಂಚಿಗೆ ಹರಿದಿದ್ದರೆ ಅಲ್ಲೇ ಮುರಿಯುತ್ತದೆ. ಕಂಬದ ಹಿಂಜ್ ಹತ್ತಿರ, ಬೋಲ್ಟಿನ ತೂತುಗಳ ಸುತ್ತ ಕೂದಲೆಳೆಯ ಬಿರುಕು ಇದೆಯೇ ಎಂದು ಮೊಬೈಲ್ ಟಾರ್ಚ್ ಓರೆ ಹಿಡಿದು ನೋಡಿ. ಇವುಗಳಲ್ಲಿ ಒಂದು ಕಂಡರೂ ವಾಪಸ್ ಕಳಿಸಿ. ನಟ್ಟು ಸಡಿಲ, ಡ್ರಾಯರ್ ಬಿಗಿ ಎಂಬುದಕ್ಕೆಲ್ಲ ವಾಪಸ್ ಕಳಿಸುವ ಅಗತ್ಯವಿಲ್ಲ, ಬದಲಿಗೆ ಬರುವುದೂ ಹಾಗೇ ಇರುತ್ತದೆ.